ದೇವಕಮ್ಮನವರ ಎದೆಯುರಿ

ಊಟವಾಗಿ ಅರ್ಧ ಗಂಟೆಗೆ ನಾನು ಎದೆಯುರಿಗೆಂದು ಒಂದು ಗುಲಾಬಿ ಬಣ್ಣದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತೇನೆ. ಸೀಮೆಸುಣ್ಣದ ಪುಡಿಗೆ ಪೆಪ್ಪರ್‌ಮಿಂಟು ಬೆರೆಸಿದಂಥ ರುಚಿ ಅದರದ್ದು. ಮೂವತ್ತು ಚಿಲ್ಲರೆ ವರ್ಷ ಮೇಷ್ಟರಾಗಿ ಸೀಮೆಸುಣ್ಣದ ಧೂಳು ಕುಡಿದವನಿಗೆ ಪೆನ್ಷನ್ ಬಂದ ಮೇಲೂ ಅದು ತಪ್ಪಲಿಲ್ಲವಲ್ಲ ಎಂದು ನನ್ನ ಹೆಂಡತಿ ನಗುತ್ತಾಳೆ. ಹೋದ ವಾರ ಒಂದು ದಿನ ಮಾತ್ರ ಆ ಪೆಪ್ಪರ್‌ಮಿಂಟಿನ ವಾಸನೆ ಮೂಗಿಗೇರಿದಾಗ ನನಗೆ ಹುದಿಕೇರಿಯ ಹತ್ತಿರದ ಒಂದು ಹೆಂಚಿನ ಮನೆ, ಅದರ ಜಗಲಿ, ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ದೇವಕಮ್ಮ ಒಟ್ಟಿಗೇ ಕಣ್ಣ ಮುಂದೆ ಬಂದರು.

ನೆನಪಾಗುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಇನ್ನು ಮಾತ್ರೆಯಿಂದ ಪ್ರಯೋಜನವಿಲ್ಲ, ಆಪರೇಷನ್ ಬಗ್ಗೆ ಯೋಚಿಸಿ ಎಂದು ನಮ್ಮ ಡಾಕ್ಟರು ಅದೇ ದಿನ ಹೇಳಿ, ಒಬ್ಬ ಸರ್ಜನ್ನರ ಹೆಸರು ಬರೆದುಕೊಟ್ಟಿದ್ದರು. ನಾನು ಡಾಕ್ಟರುಗಳ ಎದುರು ಬಹಳ ವಿಧೇಯ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತೇನೆ, ಮನೆಗೆ ಬಂದು ಅದರಲ್ಲಿ ಒಂದನ್ನೂ ಮಾಡುವುದಿಲ್ಲ. ಈ ಸಲವೂ ತಲೆಯಾಡಿಸಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನವನಾದ ನನಗೆ ಹುದಿಕೇರಿ ಕಡೆಯ ಒಂದು ಶಾಲೆಗೆ ಮೇಷ್ಟರ ಕೆಲಸ ಸಿಕ್ಕಿತು. ವಯಸ್ಸು ಇಪ್ಪತ್ತನಾಲ್ಕು. ಉಳಿದುಕೊಳ್ಳಲು ಮನೆ ಹುಡುಕುತ್ತಿದ್ದಾಗ ಅಲ್ಲಿನ ಸರ್ಕಾರಿ ಡಿಸ್ಪೆನ್ಸರಿಯ ಸೂಲಗಿತ್ತಿ ನರ್ಸು ತಮ್ಮ ಮನೆಯ ಹೊರಗಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಅವರೇ ದೇವಕಮ್ಮ. ಭಾಗಮಂಡಲದ ಕಡೆಯ ಗೌಡರ ಮನೆಯವರು. ಗಂಡ ಬೇಗ ತೀರಿಹೋಗಿ, ಮಕ್ಕಳಿಲ್ಲದೆ, ನರ್ಸ್ ತರಬೇತಿ ಮುಗಿಸಿ ಈ ಕಡೆ ಬಂದು ಹದಿನೈದು ವರ್ಷವಾಗಿತ್ತು. ತವರಿನಿಂದ ಯಾರಾದರೂ ಬಂದರೆ ಮನೆಮಾತಾದ ಅರೆಭಾಷೆ, ನನ್ನೊಡನೆ ಕನ್ನಡ, ಕೊಡವರ ಮನೆಯಲ್ಲಿ ಕೊಡವ ಭಾಷೆ, ಎಸ್ಟೇಟಿನಲ್ಲಿ ಕೂಲಿಯವರ ಸಾಲು ಮನೆಗಳಾದ ಲೈನುಗಳಲ್ಲಿ ತಮಿಳು, ಮಲಯಾಳ. ನಾನು ಒಂದೇ ಭಾಷೆಯಲ್ಲಿ ಪಾಠ ಮಾಡಿ ಸುಸ್ತಾಗಿ ಬರುವ ಹೊತ್ತಿಗೆ ಅವರು ಮೂರು ಭಾಷೆಗಳಲ್ಲಿ ಬಾಣಂತಿಯರನ್ನು ಗದರಿಸಿ ಬಂದಿರುತ್ತಿದ್ದರು.

ಅವರ ಊಟ ವಿಚಿತ್ರವಾಗಿತ್ತು. ಸಂಜೆ ಐದಕ್ಕೆಲ್ಲ ಒಂದು ಬಟ್ಟಲು ಗಂಜಿ, ಆಮೇಲೆ ಏನೂ ಇಲ್ಲ. ಹುಳಿ ಇಲ್ಲ, ಖಾರ ಇಲ್ಲ. ಕೊಡಗಿನವರು ಅಡಿಗೆಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ಸೀಸೆಯನ್ನು ಕಂಡರೆ ಆಚೆ ಸರಿಯುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟ, ಆದರೆ ಅವರು ಕಾಫಿ ಬಿಟ್ಟು ಆರು ವರ್ಷವಾಗಿತ್ತು. ಕೊಡಗಿನ ಮನೆಯಲ್ಲಿ ಕಾಫಿ ಬೇಡವೆಂದರೆ ಮನೆಯವರಿಗೆ ಬೇಸರ. ಅದಕ್ಕೆ ಲೋಟವನ್ನು ಎರಡು ಕೈಯಲ್ಲೂ ಹಿಡಿದು, ಬಿಸಿ ಆರುವವರೆಗೆ ಮಾತಾಡಿ, ಹೊರಡುವಾಗ ಯಾರಿಗಾದರೂ ದಾಟಿಸಿಬಿಡುತ್ತಿದ್ದರು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಎರಡು ಕಲ್ಲು ಇಟ್ಟಿದ್ದರು. ಅಷ್ಟಾದರೂ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತಿತ್ತು, ಅರ್ಧ ನಿದ್ದೆ ಕೂತೇ ಆಗುತ್ತಿತ್ತು. ಪೆಪ್ಪರ್‌ಮಿಂಟಿನ ವಾಸನೆಯ ಬಿಳಿ ಮದ್ದಿನ ಸೀಸೆ ಅವರ ಹೆರಿಗೆ ಚೀಲದಲ್ಲಿ ಕತ್ತರಿಯ ಪಕ್ಕದಲ್ಲೇ ಇರುತ್ತಿತ್ತು. ಹೋಟೆಲಿನ ಊಟ ತಿಂದು ವಾರಕ್ಕೊಮ್ಮೆ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದ ನನಗೂ ಅದರಲ್ಲೇ ಒಂದು ಚಮಚ. ನಾನು ಆ ಒಂದು ಚಮಚಕ್ಕೆ ಮಾಡುತ್ತಿದ್ದಷ್ಟು ನರಳಾಟವನ್ನು ಅವರು ಇಡೀ ಸೀಸೆಗೂ ಮಾಡಿದ್ದು ಕಾಣೆ.

ಅವರಿಗೆ ನಿಜವಾದ ಕಷ್ಟವಿದ್ದದ್ದು ಬಗ್ಗುವುದರಲ್ಲಿ. ಲೈನಿನ ಮನೆಗಳಲ್ಲಿ ಹೆರಿಗೆ ಆಗುವುದು ನೆಲದ ಮೇಲೆ, ಚಾಪೆಯ ಮೇಲೆ. ನರ್ಸು ಗಂಟೆಗಟ್ಟಲೆ ಮಂಡಿಯೂರಿ ಬಗ್ಗಿಯೇ ಇರಬೇಕು. ಬಗ್ಗಿದರೆ ಬಗ್ಗಿಸಿದ ಕೊಡದಿಂದ ನೀರು ಬಂದಂತೆ ಹುಳಿ ಮೇಲಕ್ಕೆ ಬರುತ್ತದೆ ಎಂದು ಒಮ್ಮೆ ಹೇಳಿದ್ದರು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದಾಗ ಅವರು ಜಗಲಿಯಲ್ಲಿ ಕೂತಿದ್ದರು. ಚೀಲ ಪಕ್ಕದಲ್ಲಿತ್ತು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಏನಾಯಿತೆಂದು ಕೇಳಿದೆ. ಚಪ್ಪಲಿ ಬಿಚ್ಚುತ್ತ ಹೇಳಿದರು. ಒಂದು ಎಸ್ಟೇಟಿನ ಲೈನಿನಲ್ಲಿ ಚೊಚ್ಚಲ ಹೆರಿಗೆ. ಮಗುವಿನ ತಲೆ ಹೊರಗೆ ಬಂದಿದೆ, ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿದೆ. ಅದನ್ನು ಬಿಡಿಸಬೇಕೆಂದು ಬಗ್ಗಿದಾಗ ಹುಳಿ ನುಗ್ಗಿ ಉಸಿರುನಾಳಕ್ಕೇ ಹೋಗಿದೆ. ಕೆಮ್ಮು, ಕಣ್ಣು ಕತ್ತಲೆ, ಉಸಿರು ಕಟ್ಟಿತು. ಕೈ ತಾನಾಗಿ ಹಿಂದೆ ಬಂತು. ಸುಧಾರಿಸಿಕೊಂಡು ಬಳ್ಳಿ ಬಿಡಿಸಿದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ತಾಯಿ ಮಗು ಇಬ್ಬರೂ ಕ್ಷೇಮ.

ಹಾಗಾದರೆ ಚಿಂತೆ ಯಾಕೆ, ಎಲ್ಲ ಸರಿಯಾಯಿತಲ್ಲ ಎಂದು ನಾನು ಸಮಾಧಾನ ಹೇಳಹೋದೆ.

“ಮಗು ಅಳೋದಕ್ಕೆ ತಡ ಮಾಡ್ತು ಮೇಷ್ಟ್ರೇ,” ಎಂದರು. “ಆ ತಡ ನಂದು.”

ಮುಂದಿನ ವಾರ ದಸರಾ ರಜೆಗೆ ನಾನು ಮೈಸೂರಿಗೆ ಹೊರಟಾಗ ಅವರೂ ಅದೇ ಬಸ್ಸಿಗೆ ಬಂದರು. ಮೈಸೂರಿನಲ್ಲಿ ಹೊರದೇಶದಲ್ಲಿ ಕಲಿತು ಬಂದ ಒಬ್ಬ ಸರ್ಜನ್ ಇದ್ದರು. ಅವರು ದೇವಕಮ್ಮನವರಿಗೆ ಸುಣ್ಣದ ತಿಳಿಯಂಥ ಬಿಳಿ ಮದ್ದು ಕುಡಿಸಿ, ತಲೆ ಕೆಳಗಾಗಿ ಮಲಗಿಸಿ ಎಕ್ಸ್‌ರೇ ತೆಗೆಸಿದರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯಲ್ಲಿ ಅನ್ನನಾಳ ಇಳಿಯುವ ಕಿಂಡಿ ದೊಡ್ಡದಾಗಿ, ಜಠರದ ಒಂದು ಭಾಗವೇ ಎದೆಯೊಳಗೆ ನುಸುಳಿದೆ ಎಂದು ಚಿತ್ರವನ್ನು ಕಿಟಕಿಗೆ ಹಿಡಿದು ತೋರಿಸಿದರು. ದಾರಿಗಳು ಮೂರು. ಹೀಗೆಯೇ ಗಂಜಿ, ಮದ್ದು, ಎತ್ತರದ ಮಂಚ ಎಂದು ಕಾಲ ಹಾಕುವುದು, ಬಗ್ಗುವ ಕೆಲಸ ಬಿಡುವುದು. ಎರಡನೆಯದು, ಹೊಟ್ಟೆ ಕೊಯ್ದು ಜಠರದ ಒಂದು ಪಾಲನ್ನು ತೆಗೆದು ಹುಳಿ ಹುಟ್ಟುವುದನ್ನೇ ಕಡಿಮೆ ಮಾಡುವುದು. ಅದು ಸರ್ಜನ್ನರ ಕೈಗೆ ಚೆನ್ನಾಗಿ ಪಳಗಿದ ಆಪರೇಷನ್. ಮೂರನೆಯದು ಹೊಸತು. ಎಡಗಡೆ ಪಕ್ಕೆಲುಬುಗಳ ನಡುವಿನಿಂದ ಹೋಗಿ, ಜಠರವನ್ನು ಕೆಳಕ್ಕೆ ಇಳಿಸಿ, ಕಿಂಡಿಯನ್ನು ಹೊಲಿದು ಚಿಕ್ಕದು ಮಾಡುವುದು.

ನಾನಾಗಿದ್ದರೆ ಅಷ್ಟು ಹೊತ್ತಿಗೆ ಮೂರಕ್ಕೂ ತಲೆಯಾಡಿಸಿ ಎದ್ದಿರುತ್ತಿದ್ದೆ. ಅವರು ಕೇಳಿದರು.

“ಈ ಹೊಸದನ್ನ ಎಷ್ಟು ಜನಕ್ಕೆ ಮಾಡಿದ್ದೀರಿ ಸಾರ್?”

“ನಾಲ್ಕು.”

“ಅವರೆಲ್ಲ ಈಗ ಹೇಗಿದ್ದಾರೆ?”

ಸರ್ಜನ್ ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟು ಕೂತರು. “ಇಬ್ಬರು ಚೆನ್ನಾಗಿದ್ದಾರೆ. ಒಬ್ಬರಿಗೆ ವರ್ಷದ ಮೇಲೆ ಉರಿ ವಾಪಸ್ ಬಂತು. ಒಬ್ಬರು ಉಳಿಯಲಿಲ್ಲ.”

ಅಂಥ ಪ್ರಶ್ನೆ ಕೇಳುವವರೂ ಕಡಿಮೆ, ಅಂಥ ಉತ್ತರ ಕೊಡುವವರೂ ಕಡಿಮೆ. ದೇವಕಮ್ಮ ಅವರಿಗೆ ಕೈ ಮುಗಿದು, ಉಳಿದವರಲ್ಲಿ ಸಿಗುವವರನ್ನು ನೋಡಿ ಬಂದು ತೀರ್ಮಾನ ಹೇಳುತ್ತೇನೆ ಎಂದರು. ಉರಿ ವಾಪಸ್ ಬಂದವರು ಯಾವುದೋ ದೂರದ ಊರಿನವರು. ಸರ್ಜನ್ ಕೊಟ್ಟ ವಿಳಾಸಕ್ಕೆ ಕಾಗದ ಬರೆದದ್ದಕ್ಕೆ ಕಾರ್ಡಿನಲ್ಲಿ ಉತ್ತರ ಬಂತು. ಒಂದು ವರ್ಷವಾದರೂ ಮನುಷ್ಯರಂತೆ ಮಲಗಿದೆ, ಮಾಡಿಸಿಕೊಂಡಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಬರೆದಿದ್ದರು. ಗುಣವಾದ ಇಬ್ಬರಲ್ಲಿ ಒಬ್ಬ ಕೊಡಗಿನಲ್ಲೇ, ನೆಲ್ಯಹುದಿಕೇರಿ ಎಂಬ ಬೇರೊಂದು ಊರಿನಲ್ಲಿದ್ದ, ಮೊಯ್ದು ಎಂಬ ಒಣಮೀನಿನ ಅಂಗಡಿಯವನು. ಒಂದು ಭಾನುವಾರ ಗೋಣಿಕೊಪ್ಪಲಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಇಬ್ಬರೂ ಅವನನ್ನು ಹುಡುಕಿಕೊಂಡು ಹೋದೆವು.

ಮೊಯ್ದು ಉತ್ಸಾಹದ ಮನುಷ್ಯ. ಅಂಗಿ ಎತ್ತಿ ಬೆನ್ನಿನಿಂದ ಎದೆಯವರೆಗೆ ಬಂದಿದ್ದ ಗಾಯದ ಗೆರೆಯನ್ನು ಪದಕದಂತೆ ತೋರಿಸಿದ. ಡಾಕ್ಟರು ದೇವರು, ನೋವೇ ಆಗಲಿಲ್ಲ ಎಂದ. ದೇವಕಮ್ಮ ಅವನ ಮಾತನ್ನು ಪೂರ್ತಿ ಕೇಳಿ, ಒಳಗಿದ್ದ ಅವನ ಹೆಂಡತಿಯ ಹತ್ತಿರ ಹೋಗಿ ಮಲಯಾಳದಲ್ಲಿ ಅರ್ಧ ಗಂಟೆ ಕೂತು ಮಾತಾಡಿದರು. ಆಕೆ ಹೇಳಿದ ಕಥೆ ಬೇರೆ. ಎರಡು ತಿಂಗಳು ದಿಂಬನ್ನು ಪಕ್ಕೆಗೆ ಒತ್ತಿ ಹಿಡಿಯದೆ ಕೆಮ್ಮಲಾಗುತ್ತಿರಲಿಲ್ಲವಂತೆ, ಅಳುತ್ತಿದ್ದನಂತೆ. ಈಗಲೂ ಚಳಿಗೆ ಪಕ್ಕೆ ಹಿಡಿದುಕೊಳ್ಳುತ್ತದೆ. ಆದರೆ ಚಪ್ಪಟೆ ಮಲಗಿ ನಿದ್ದೆ ಮಾಡುತ್ತಾನೆ, ಅದು ನಿಜ.

ಹೊರಗೆ ಬಂದು ದೇವಕಮ್ಮ ಮೊಯ್ದುವನ್ನು ಒಂದೇ ಮಾತು ಕೇಳಿದರು. “ಈಗಷ್ಟೇ ಊಟ ಮಾಡಿದ್ದೀರಿ. ಸ್ವಲ್ಪ ಬಗ್ಗಿ ತೋರಿಸ್ತೀರಾ?”

ಅವನು ನಗುತ್ತ ಬಗ್ಗಿ ನೆಲದ ಮೇಲಿದ್ದ ಮೀನಿನ ಬುಟ್ಟಿಯನ್ನು ಜರುಗಿಸಿದ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇರಿ ಎಂದರು. ಇದ್ದ. ನಾನು ಅವನ ಬೆನ್ನನ್ನು ನೋಡುತ್ತಿದ್ದೆ. ದೇವಕಮ್ಮ ಕುಕ್ಕರಗಾಲಲ್ಲಿ ಕೂತು ಅವನ ಮುಖ ನೋಡುತ್ತಿದ್ದರು. ಅವನ ಗಂಟಲು ಒಮ್ಮೆಯೂ ಹುಳಿ ನುಂಗುವಂತೆ ಅಲುಗಲಿಲ್ಲ. ಬಸ್ಸಿಗೆ ಕಾಯುವಾಗ ಹೇಳಿದರು: ಹೊಟ್ಟೆ ಕೊಯ್ಯುವುದರಲ್ಲಿ ಹುಳಿ ಕಡಿಮೆಯಾಗಬಹುದು, ಆದರೆ ಬಗ್ಗಿದರೆ ಮೇಲೆ ಬರುವುದು ಬಂದೇ ಬರುತ್ತದೆ, ಮಾಡಿಸಿಕೊಂಡರೆ ಪಕ್ಕೆಯದ್ದೇ.

ಅವರ ಅಣ್ಣ ಭಾಗಮಂಡಲದ ಕಡೆಯಿಂದ ಬಂದು ಎರಡು ದಿನ ಕೂತರು. ನಾಲ್ವರಲ್ಲಿ ಒಬ್ಬರು ಸತ್ತ ಆಪರೇಷನ್ನಿಗೆ ತಂಗಿಯನ್ನು ಕಳಿಸುವುದು ಹೇಗೆ ಎಂದು ಅವರ ಸಂಕಟ. ಡಿಸ್ಪೆನ್ಸರಿಯಲ್ಲೇ ಕೂತು ಮಾಡುವ ಕೆಲಸ ಕೇಳಿಕೋ ಎಂದು ಬೇಡಿದರು. ಅವರ ಮಾತು ತಪ್ಪಾಗಿರಲಿಲ್ಲ, ದೇವಕಮ್ಮನವರೂ ತಪ್ಪೆನ್ನಲಿಲ್ಲ. ಡಿಸ್ಪೆನ್ಸರಿಯವರೆಗೆ ನಡೆದು ಬರಲಾರದವರಿಗೇ ತಾನು ಬೇಕಾಗಿರುವುದು ಎಂದಷ್ಟೇ ಹೇಳಿದರು.

ಹೊರಡುವ ಹಿಂದಿನ ದಿನ ನನ್ನಿಂದ ಒಂದು ಪಟ್ಟಿ ಬರೆಸಿದರು. ಯಾವ ಲೈನಿನಲ್ಲಿ ಯಾರಿಗೆ ಎಷ್ಟು ತಿಂಗಳು, ಯಾರಿಗೆ ಕಾಲು ಊದಿದೆ, ಯಾರು ಹೆದರುತ್ತಾರೆ, ಯಾರ ಅತ್ತೆಯನ್ನು ಒಳಗೆ ಬಿಡಬಾರದು. ಬದಲಿ ನರ್ಸಿಗೆ ಅದನ್ನು ಕೊಡಬೇಕಿತ್ತು. ಬರೆದು ಮುಗಿಸಿ, ನಿಮಗೆ ಒಂದಿಷ್ಟೂ ಹೆದರಿಕೆ ಇಲ್ಲವಲ್ಲ, ನಿಮ್ಮ ಧೈರ್ಯವನ್ನು ನನ್ನ ಹುಡುಗರಿಗೆ ಹೇಳುತ್ತೇನೆ ಎಂದೆ.

“ಹೆದರಿಕೆ ಇಲ್ಲ ಅಂತ ಮಾತ್ರ ಹೇಳ್ಬೇಡಿ,” ಎಂದರು. “ಇದೆ. ಎರಡು ದಿನದಿಂದ ಗಂಜಿನೂ ಇಳೀತಿಲ್ಲ. ಆದರೂ ಹೋಗ್ತಿದ್ದೇನೆ, ಅಷ್ಟೇ.”

ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದಕ್ಕೆ ಗಂಡಸರು ಯಾರಾದರೂ ಸಹಿ ಹಾಕಲಿ ಎಂದು ಗುಮಾಸ್ತ ಹೇಳಿದಾಗ ದೇವಕಮ್ಮ ಕಾಗದವನ್ನು ತಮ್ಮ ಕಡೆ ಎಳೆದು, ಪೂರ್ತಿ ಓದಿ, ತಾವೇ ಸಹಿ ಮಾಡಿದರು. ಅಣ್ಣ ಅದರ ಕೆಳಗೆ ಸಾಕ್ಷಿಯೆಂದು ಹಾಕಿದರು. ಆಪರೇಷನ್ ಮುಗಿಯುವವರೆಗೂ ಅಣ್ಣನೂ ನಾನೂ ಕಾರಿಡಾರಿನಲ್ಲಿ ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಸರ್ಜನ್ ಹೊರಗೆ ಬಂದು ನಕ್ಕಾಗ ಅಣ್ಣ ಎದ್ದು ಅವರಿಗೆ ಕೈ ಮುಗಿದರು.

ನೋವು ಬಹಳವೇ ಇತ್ತು. ದಿಂಬನ್ನು ಪಕ್ಕೆಗೆ ಒತ್ತಿಕೊಂಡು ಅವರೂ ಅತ್ತರು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಮೂರು ತಿಂಗಳ ಮೇಲೆ ಮನೆಗೆ ಬಂದರು. ಮಂಚದ ಕೆಳಗಿನ ಕಲ್ಲು ತೆಗೆಸಿದರು. ಬಂದ ಐದನೇ ವಾರ ಒಂದು ಲೈನಿನಿಂದ ಕರೆ ಬಂತು. ಚೀಲ ಹಿಡಿದು ನಡೆದುಕೊಂಡೇ ಹೋದರು. ಸಂಜೆ ಹಿಂತಿರುಗಿ ಬಂದಾಗ ಸೀರೆಯ ಅಂಚೆಲ್ಲ ಕೆಸರು, ಮುಖದಲ್ಲಿ ಆಯಾಸ. ಹೆಣ್ಣು ಮಗು, ಹುಟ್ಟಿದ ತಕ್ಷಣ ಅತ್ತಿತು ಎಂದು ಹೇಳಿ, ನನ್ನ ಸ್ಟವ್ವಿನ ಮೇಲಿದ್ದ ಕಾಫಿಯಲ್ಲಿ ಅರ್ಧ ಲೋಟ ಕೇಳಿ ಕುಡಿದರು.

ಮರುವರ್ಷ ನನಗೆ ವರ್ಗವಾಯಿತು. ಆಮೇಲೂ ಕಾಗದ ಬರುತ್ತಿತ್ತು. ಅವರ ಪೆನ್ಷನ್ನಿನ ದಿನಗಳಲ್ಲಿ ಭಾಗಮಂಡಲದ ಕಡೆ ಹೋದಾಗ ನೋಡಿ ಬಂದೆ. ಉರಿ ಸ್ವಲ್ಪ ಸ್ವಲ್ಪ ವಾಪಸ್ ಬಂದಿತ್ತು. ಮತ್ತೆ ಗಂಜಿ, ಮತ್ತೆ ಸೀಸೆ. ನಾನು ಅಯ್ಯೋ ಅಂದೆ.

“ಹದಿನಾಲ್ಕು ವರ್ಷ ಬಗ್ಗಿದೆ ಮೇಷ್ಟ್ರೇ,” ಎಂದರು. “ನಾನು ಕೇಳಿದ್ದು ಅದನ್ನೇ.”

ಅವರು ಹೋಗಿ ಈಗ ಬಹಳ ಕಾಲವಾಯಿತು. ಈ ವಾರವಿಡೀ ನಾನು ನನ್ನನ್ನೇ ಕೇಳಿಕೊಂಡೆ, ಈ ದೇಹದಿಂದ ನನಗೆ ಇನ್ನು ಏನಾಗಬೇಕು ಎಂದು. ಅವರ ಕೆಲಸದಂಥ ದೊಡ್ಡದೇನೂ ಹೊಳೆಯಲಿಲ್ಲ. ಮಲಗಿಕೊಂಡು ಪುಸ್ತಕ ಓದಬೇಕು, ಹಾಗೆಯೇ ನಿದ್ದೆ ಹೋಗಬೇಕು. ಅಷ್ಟೇ. ಅಷ್ಟಕ್ಕಾಗಿ ಕೊಯ್ಸಿಕೊಳ್ಳಬೇಕೋ ಬೇಡವೋ ಇನ್ನೂ ಗೊತ್ತಿಲ್ಲ. ಆದರೆ ಅದನ್ನು ತೂಗಿ ನೋಡಬೇಕಾದವನು ನಾನು ಎನ್ನುವುದು ಈ ವಯಸ್ಸಿನಲ್ಲಿ ಮೊದಲ ಸಲ ಗೊತ್ತಾಯಿತು.

ನಿನ್ನೆ ಮಗನೊಡನೆ ಸರ್ಜನ್ನರ ಬಳಿ ಹೋಗಿದ್ದೆ. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಈಗ ಪಕ್ಕೆ ಸೀಳುವುದಿಲ್ಲ, ನಾಲ್ಕೈದು ಸಣ್ಣ ತೂತು ಸಾಕು ಎಂದು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಮಗನಿಗೆ ವಿವರಿಸಿದರು. ಕೊನೆಗೆ, ಏನಾದರೂ ಕೇಳುವುದಿದೆಯೇ ಎಂದರು. ನೀವು ಹೇಳಿದ ಹಾಗೆಯೇ ಆಗಲಿ ಡಾಕ್ಟ್ರೇ ಎಂದು ಮಗ ಎದ್ದ.

ನಾನು ಏಳಲಿಲ್ಲ. ಕೇಳುವುದಿದೆ ಎಂದು ಹೇಳಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.