ತುಟಿ ಅಲ್ಲಾಡಿಸಿ ಓದುವವಳ ತಾಯಿ

"ನಾನು ಓದಿರೋದು ಎರಡನೇ ಕ್ಲಾಸು ಕಣಕ್ಕಾ. ಅದ್ರಲ್ಲೂ ಅರ್ಧ ಕುರಿ ಕಾಯೋದ್ರಲ್ಲೇ ಓಯ್ತು. ಅಕ್ಷರ ನೋಡಿದ್ರೆ ಇರುವೆ ಸಾಲು ಕಂಡಂಗೆ ಕಾಣ್ತದೆ ನಂಗೆ. ಆದ್ರೆ ನನ್ ಕಿವೀಗೇನಾಗೈತೆ? ನನ್ ಮಗಳು ಅಂಬಿಕ ಐದ್ನೇ ಕ್ಲಾಸಿಂದ ಓದಿದ್ದೆಲ್ಲ ಕೊಟ್ಟಿಗೇಲೇ. ನಾನು ಆಲು ಕರೀತಿದ್ರೆ ಅವ್ಳು ಬೂಸಾ ಮೂಟೆ ಮ್ಯಾಲೆ ಕೂತ್ಕಂಡು ಗಟ್ಟಿಯಾಗಿ ಓದೋಳು. ಮುಗಿಸಿದ್ಮೇಲೆ ನಾನು ಅದ್ನೇ ತಿರುಗಿಸಿ ಯೇಳೋದು. ಮೊದ್ಲು ತಿಳೀದೆ ತಪ್ಪು ಯೇಳ್ತಿದ್ದೆ. ಅವ್ಳು 'ಅಂಗಲ್ಲಮ್ಮಾ' ಅಂತ ಮೈಮ್ಯಾಲೆ ಬಿದ್ದಂಗೆ ಬರೋಳು. ಅಂಗೆ ಜಗಳ ಆಡಿ ಯೇಳಿದ್ದು ಅವ್ಳಿಗೆ ಮರೀತಾನೇ ಇರ್ಲಿಲ್ಲ. ಅದ್ನ ಕಂಡು ಆಮ್ಯಾಕೆ ಬೇಕಂತ್ಲೇ ಒಂದೊಂದು ತಪ್ಪು ಯೇಳೋಕೆ ಶುರು ಮಾಡ್ದೆ. ಈಗ ನೋಡು, ಕೊಟ್ಟಿಗೇಲಿ ಸದ್ದೇ ಇಲ್ಲ. ಸ್ಪೆಷಲ್ ಕ್ಲಾಸು ಅಂತ ಬೆಳಗ್ಗೆ ಆರೂವರೆ ಬಸ್ಸಿಗೆ ಓಡ್ತಾಳೆ. ಅಲ್ಲಿ ತುಟಿ ಅಲ್ಲಾಡಿಸ್ದಂಗೆ ಓದ್ಬೇಕಂತೆ. ಅಲ್ಲಾಡಿಸಿದ್ರೆ ಸ್ಕೇಲಲ್ಲಿ ಬೆಂಚು ಬಡೀತಾರಂತೆ. ಅಂಗೆ ಬಾಯಿ ಮುಚ್ಕಂಡು ಓದೀ ಓದೀ ವಿಜ್ಞಾನದಾಗೆ ಫೇಲಾಗವ್ಳೆ. ಎಲ್ಲಾ ಕೊಟ್ಟಿಗೆ ದೋಷ ಅಂತವ್ರೆ ಎಡ್ಮಾಸ್ಟ್ರು. ನಾಳೆ ಓಗಿ ಕೇಳ್ತೀನಿ."

ಬಂಗಾರಪೇಟೆ ರಸ್ತೆಯ ಹಳ್ಳಿಯೊಂದರ ಡೇರಿ ಮುಂದೆ, ಸಂಜೆಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತು ಮುನಿರತ್ನಮ್ಮ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಮುಂದೆ ನಿಂತಿದ್ದ ಅನಸೂಯಮ್ಮ ತಿರುಗಿ ನೋಡಿ ನಕ್ಕಳು.

"ಈ ಬಾಯಿ ನಾಳೆ ಎಡ್ಮಾಸ್ಟ್ರ ಮುಂದೂ ಬಂದ್ರೆ ಸಾಕು ಕಣೇ. ಕಳೆದ್ಸಾರಿ ಇಸ್ಕೂಲಿಗೆ ಓಗಿ 'ಊಂ ಸಾ, ಊಂ ಸಾ' ಅಂದು ಬಂದೆಯಂತೆ."

"ಕಳೆದ್ಸಾರಿ ಪರೀಕ್ಷೆ ಪಟ್ಟಿಯಿಂದ ನನ್ ಮಗಳ ಎಸರು ತೆಗೀತೀನಿ ಅಂದಿರ್ಲಿಲ್ಲ ಅವ್ರು," ಎಂದಳು ಮುನಿರತ್ನಮ್ಮ.

ವಿಷಯ ಅದೇ ಆಗಿತ್ತು. ಅಂಬಿಕ ಹತ್ತನೇ ಕ್ಲಾಸು. ರಾಬರ್ಟ್‌ಸನ್‌ಪೇಟೆಯ ಆ ಶಾಲೆಯಲ್ಲಿ ನಾಲ್ಕು ವರ್ಷದಿಂದ ಒಂದು ಮಗುವೂ ಫೇಲಾಗಿರಲಿಲ್ಲ. ಗೇಟಿನ ಮೇಲೆ ನೂರಕ್ಕೆ ನೂರು ಎಂದು ಬಣ್ಣದಲ್ಲಿ ಬರೆಸಿದ್ದರು. ಅರ್ಧವಾರ್ಷಿಕದಲ್ಲಿ ಹಿಂದೆ ಬಿದ್ದವರನ್ನು ಪರೀಕ್ಷೆಯ ಪಟ್ಟಿಗೆ ಹೆಸರು ಹೋಗುವ ಮೊದಲೇ ಟಿ.ಸಿ. ಕೊಟ್ಟು ಕಳಿಸಿ, ಹೊರಗಿನಿಂದ ಖಾಸಗಿಯಾಗಿ ಪರೀಕ್ಷೆ ಕಟ್ಟಿಸುವುದು ಅಲ್ಲಿಯ ರೂಢಿ. ಬಣ್ಣ ಮಾಸದೆ ಉಳಿದದ್ದು ಹೀಗೆ.

ಮಾರನೆಯ ದಿನ ಮಧ್ಯಾಹ್ನ ಮುನಿರತ್ನಮ್ಮ ಹೆಡ್ಮಾಸ್ಟರ ಕೋಣೆಯಲ್ಲಿದ್ದಳು. ಅಂಬಿಕ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಹೆಡ್ಮಾಸ್ಟರು ಶ್ರೀನಿವಾಸಪ್ಪ ಕೆಟ್ಟ ಮನುಷ್ಯರಲ್ಲ. ಕುರ್ಚಿ ತೋರಿಸಿದರು, ನೀರು ಕೊಡಿಸಿದರು. ಆಮೇಲೆ ಮೇಜಿನ ಮೇಲಿದ್ದ ಒಂದು ಫಾರಂ ಎತ್ತಿಕೊಂಡರು.

"ನೋಡಿಯಮ್ಮ, ಪ್ರತಿ ಮಗುವಿನ ಮನೆಯ ಪರಿಸ್ಥಿತಿ ಬರೆದುಕೊಂಡಿದ್ದೀವಿ. ತಂದೆಯ ಓದು ಏಳನೇ ಕ್ಲಾಸು. ತಾಯಿಗೆ ಓದು ಬರಲ್ಲ. ಓದೋಕೆ ಬೇರೆ ಕೋಣೆ ಇಲ್ಲ. ಮೇಜು ಇಲ್ಲ. ಮನೆಯಲ್ಲಿ ಪಾಠ ಹೇಳಿಕೊಡೋರು ಇಲ್ಲ. ದನದ ಕೆಲಸ ದಿನಾ ಎರಡು ಗಂಟೆ. ಇದರಲ್ಲಿ ಮಗು ಹೇಗೆ ಓದುತ್ತೆ ನೀವೇ ಹೇಳಿ."

"ಕಳೆದ ವರ್ಷಾನೂ ಇವೆಲ್ಲ ಇರ್ಲಿಲ್ಲ ಸಾ. ಒಂಬತ್ತನೇ ಕ್ಲಾಸಲ್ಲಿ ಎಷ್ಟು ತಗೊಂಡವ್ಳೆ ನೋಡಿ."

ಶ್ರೀನಿವಾಸಪ್ಪನವರು ನೋಡಿದರು. ವಿಜ್ಞಾನದಲ್ಲಿ ಎಪ್ಪತ್ತೊಂದು. ಪುಟ ಮಗುಚಿಬಿಟ್ಟರು.

"ಒಂಬತ್ತು ಬೇರೆ, ಹತ್ತು ಬೇರೆ. ಈ ಟಿ.ಸಿ. ಅರ್ಜಿಗೊಂದು ಸೈನು ಹಾಕಿ. ಖಾಸಗಿಯಾಗಿ ಕಟ್ಟಲಿ, ಒಂದು ವರ್ಷ ನಿಧಾನವಾಗಿ ಓದಲಿ."

ಮುನಿರತ್ನಮ್ಮ ಕಾಗದ ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು. "ಓದು ಅಮ್ಮಣ್ಣಿ. ಗಟ್ಟಿಯಾಗಿ."

ಅಂಬಿಕ ಹೆಡ್ಮಾಸ್ಟರ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು, ಓದಿದಳು. "ನನ್ನ ಮಗಳು ಅಂಬಿಕ ಮನೆಯ ಕೆಲಸದ ಕಾರಣ ಶಾಲೆಗೆ ಸರಿಯಾಗಿ ಬರಲಾಗದೆ ಇರುವುದರಿಂದ, ನನ್ನ ಸ್ವಂತ ಇಚ್ಛೆಯಿಂದ..."

"ಸಾಕು. ಈ ಇಚ್ಛೆ ಯಾರ್ದು ಸಾ? ನಂದಂತೂ ಅಲ್ಲ. ಜೂನಿಂದ ಒಂದಿನಾನೂ ತಪ್ಪಿಸಿಲ್ಲ ಅವ್ಳು. ಜ್ವರ ಬಂದಾಗ್ಲೂ ಬಂದವ್ಳೆ. ಸುಳ್ಳಿಗೆ ನಾನು ಸೈನು ಆಕಲ್ಲ."

"ಕೋಪ ಮಾಡ್ಕೋಬೇಡಿ. ಇದು ಮಾಮೂಲಿ ಬರೆಯೋದು."

"ನಿಮಗೆ ಮಾಮೂಲಿ. ದನದ ಕೆಲಸಕ್ಕೆ ಮಗಳನ್ನ ಇಸ್ಕೂಲು ಬಿಡಿಸಿದ್ಲು ಅಂತ ನನ್ ಮ್ಯಾಲೆ ಬರ್ಕಂಡಂಗಾಯ್ತಲ್ಲ ಸಾ."

ಶ್ರೀನಿವಾಸಪ್ಪನವರ ದನಿ ಸ್ವಲ್ಪ ಏರಿತು. ಗಟ್ಟಿಯಾಗಿ ಓದುವುದು ಬೇರೆ, ಅರ್ಥ ಆಗುವುದು ಬೇರೆ ಎಂದರು. ಬೇಕಾದರೆ ಈಗಲೇ ನೋಡಿ ಎಂದು ಅಂಬಿಕಳ ಕಡೆ ತಿರುಗಿದರು.

"ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತೆ? ಹೇಳು."

ಅಂಬಿಕಳ ಬಾಯಿ ಕಟ್ಟಿಹೋಯಿತು. ತುಟಿಗಳು ಒಂದಕ್ಕೊಂದು ಅಂಟಿಕೊಂಡವು. ಹೊರಗೆ ಯಾವುದೋ ಕ್ಲಾಸಿನವರು ಮಗ್ಗಿ ಹೇಳುತ್ತಿದ್ದರು. "ನೋಡಿದಿರಾ?" ಎಂಬಂತೆ ಶ್ರೀನಿವಾಸಪ್ಪನವರು ಕೈ ಚೆಲ್ಲಿದರು.

ಬೇಸಿಗೆ ರಜೆಯಲ್ಲೇ ಯಾರದೋ ಹಳೆ ಪುಸ್ತಕ ತಂದು ಅಂಬಿಕ ಓದಿದ್ದ ಪಾಠ ಅದು. ಮುನಿರತ್ನಮ್ಮ ಅದನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಕುರ್ಚಿಯಿಂದ ಎದ್ದು ನಿಂತಳು.

"ನಾನು ಯೇಳ್ತೀನಿ ಸಾ. ಹೃದಯಕ್ಕೆ ನಾಕು ಕ್ವಾಣೆ. ಮೈಯೆಲ್ಲಾ ಸುತ್ತಿ ಕೆಟ್ಟೋಗಿರೋ ರಕ್ತ ಐತಲ್ಲ, ಅದು ಎಡಗಡೆ ಮ್ಯಾಲಿನ ಕ್ವಾಣೆಗೆ ಬತ್ತದೆ."

"ಅಂಗಲ್ಲಮ್ಮಾ!"

ಕೋಣೆಯಲ್ಲಿದ್ದ ಮೂವರಲ್ಲಿ ಬೆಚ್ಚಿದವಳು ಅಂಬಿಕಳೇ. ಆದರೆ ಬಾಯಿ ತೆರೆದಾಗಿತ್ತು.

"ಬಲಗಡೆ! ಬಲ ಹೃತ್ಕರ್ಣ. ಅಲ್ಲಿಂದ ಬಲ ಹೃತ್ಕುಕ್ಷಿ. ಅಲ್ಲಿಂದ ಶ್ವಾಸಕೋಶಕ್ಕೆ ಓಗಿ ಆಮ್ಲಜನಕ ತಗೊಂಡು ಎಡಗಡೆಗೆ ಬತ್ತದೆ. ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಅಲ್ಲಿಂದ ಮೈಗೆಲ್ಲ."

"ಅದೇ ಅಲ್ವಾ ನಾ ಯೇಳಿದ್ದು? ಅಲ್ಲೀ ರಕ್ತ ಇಲ್ಲಿಗೆ ಸೇರ್ಕತದೆ," ಎಂದು ಮುನಿರತ್ನಮ್ಮ ಬಿಡಲಿಲ್ಲ.

"ಎಲ್ಲಿ ಸೇರ್ತದೆ? ಮಧ್ಯದಾಗೆ ಗೋಡೆ ಐತಲ್ಲಮ್ಮಾ! ಒಳ್ಳೇದು ಕೆಟ್ಟದ್ದು ಸೇರ್ಬಾರ್ದು ಅಂತ್ಲೇ ಗೋಡೆ ಇರೋದು."

ಶ್ರೀನಿವಾಸಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗು ಬಂದದ್ದನ್ನು ಮೀಸೆಯಡಿ ಅಡಗಿಸಿದರು. ಆದರೂ ಮೇಷ್ಟರು ಮೇಷ್ಟರೇ.

"ಸರಿ. ಗೊತ್ತಿದೆ. ಪರೀಕ್ಷೆಯಲ್ಲಿ ಜಗಳ ಆಡೋಕೆ ನೀವು ಪಕ್ಕದಲ್ಲಿ ಇರಲ್ಲವಲ್ಲ? ಬರೆಯೋದು ಅವಳೊಬ್ಬಳೇ."

ಅದು ನಿಜವಾದ ಮಾತು. ಮುನಿರತ್ನಮ್ಮ ಮಗಳ ಕೈಯಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

"ಬರೀತಾಳೋ ಇಲ್ವೋ ನಂಗೊತ್ತಿಲ್ಲ ಸಾ. ಪಾಸು ಮಾಡಿಸಿ ಅಂತ ಕೇಳೋಕೆ ನಾನು ಬಂದಿಲ್ಲ. ಎಸರು ತೆಗೀಬ್ಯಾಡಿ ಅಂತೀನಿ ಅಷ್ಟೇ. ಮೂರು ವರ್ಷ ನಿಮ್ಮತ್ರ ಓದವ್ಳೆ. ಫೇಲಾದ್ರೆ ನಿಮ್ ಇಸ್ಕೂಲಿನ ಎಸರಲ್ಲೇ ಫೇಲಾಗ್ಲಿ. ಇನ್ನೊಂದು ಮಾತು. ನಾಳೆಯಿಂದ ಬೆಳಗಿನ ಕ್ಲಾಸಿಗೆ ಅವ್ಳು ಬರಲ್ಲ. ಬೆಲ್ಲಿಗೆ ಸರ್ಯಾಗಿ ಬತ್ತಾಳೆ. ಆ ವತ್ತು ನಂಗೆ ಬೇಕು."

"ದನದ ಕೆಲಸಕ್ಕಾ?"

"ಕೆಲ್ಸ ಮಾಡೋಕೆ ನನ್ ಕೈ ಬಿದ್ದೋಗಿಲ್ಲ. ಓದ್ಸೋಕೆ."

ಶ್ರೀನಿವಾಸಪ್ಪನವರು ಬಹಳ ಹೊತ್ತು ಆ ಸೈನಿಲ್ಲದ ಕಾಗದ ನೋಡಿದರು. ಆಮೇಲೆ ಡ್ರಾಯರ್ ಎಳೆದು ಒಳಗಿಟ್ಟರು. ಹರಿದು ಹಾಕಲಿಲ್ಲ. ಕ್ಲರ್ಕನ್ನು ಕರೆದು, "ಪಟ್ಟಿಯಲ್ಲಿ ಈ ಹುಡುಗಿ ಹೆಸರು ಇರಲಿ," ಎಂದರು. ಮುನಿರತ್ನಮ್ಮ ಅಷ್ಟಕ್ಕೇ ಹೊರಡಲಿಲ್ಲ. ಕ್ಲರ್ಕನ ಮೇಜಿನ ಹತ್ತಿರ ಹೋಗಿ, ಅವನು ಬರೆದ ಮೇಲೆ, ಓದಿ ಹೇಳು ಎಂದು ಮಗಳಿಗೆ ಹೇಳಿ, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಮೂರನ್ನೂ ಕಿವಿಯಾರೆ ಕೇಳಿಕೊಂಡಳು.

ಬಸ್ಸಿನಲ್ಲಿ ಅಂಬಿಕ ಕಿಟಕಿಗೆ ಮುಖ ಮಾಡಿ ಕೂತಿದ್ದಳು. "ಫೇಲಾದ್ರೆ ಅಂತ ಯಾಕಂದೆ?" ಎಂದು ಮುನಿಸಿನಿಂದ ಕೇಳಿದಳು.

"ಅಂದಿದ್ದಕ್ಕೆ ಉರೀತದಾ?"

"ಉರೀತದೆ."

"ಉರೀಲಿ ಬಿಡು," ಎಂದಳು ತಾಯಿ.

ಮನೆ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹಸು ಹಗ್ಗ ಎಳೆದು ಕೂಗುತ್ತಿತ್ತು. ಮುನಿರತ್ನಮ್ಮ ಇಸ್ಕೂಲಿಗೆ ಉಟ್ಟಿದ್ದ ಸೀರೆ ಬಿಚ್ಚಿ ಹಳೆಯದನ್ನು ಸುತ್ತಿಕೊಂಡು, ಸೀಮೆಹುಲ್ಲಿನ ಹೊರೆ ಬಿಚ್ಚಿ, ಮಚ್ಚು ಹಿಡಿದು ಕತ್ತರಿಸತೊಡಗಿದಳು.