ಒಂದೇ ಸ್ಪೂಲು

ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಪರಿಚಯದ ಹಿರಿಯರೊಬ್ಬರ ರೇಡಿಯೋ ರಿಪೇರಿ ಅಂಗಡಿ ಇತ್ತು. ಬೆಸುಗೆ ಹಾಕುವ ಕಡ್ಡಿ ಕಾದಿದೆಯೇ ಎಂದು ಕೆನ್ನೆಯ ಹತ್ತಿರ ಹಿಡಿದು ನೋಡುವುದು ಅವರ ರೂಢಿ. ಆ ಕಾಲಕ್ಕೆ ನಾನು ಕಂಡ ಒಂದೇ ಟೇಪ್ ರೆಕಾರ್ಡರ್ ಅವರದು. ಅದಕ್ಕೂ ಇದ್ದದ್ದು ಒಂದೇ ಸ್ಪೂಲು, ಒಂದೇ ಟೇಪಿನ ಸುರುಳಿ; ಹೊಸದು ತುಂಬಬೇಕಾದರೆ ಹಳೆಯದನ್ನು ಅಳಿಸಬೇಕು.

ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಹಾಡು ಕಟ್ಟುವ ಹುಚ್ಚು ಬೇರೆ. ಭಾನುವಾರ ಅಂಗಡಿಗೆ ಹೋಗಿ ಹಾಡುತ್ತಿದ್ದೆ, ಅವರು ಟೇಪಿನಲ್ಲಿ ತುಂಬಿ ಕೇಳಿಸುತ್ತಿದ್ದರು. ಚೆನ್ನಾಗಿದೆ, ಇಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. "ಇನ್ನೊಂದ್ಸಲ ಕೇಳಾಣ" ಎನ್ನುವರು. ಎರಡನೇ ಸಲಕ್ಕೆ ನನಗೇ ನಾಚಿಕೆಯಾಗುತ್ತಿತ್ತು.

ತಂಗಿಯನ್ನು ಅಜ್ಜಂಪುರಕ್ಕೆ, ಗಂಡನ ಮನೆಗೆ ಕಳಿಸಿದ ವಾರ ಅವಳ ಮೇಲೆ ಒಂದು ಹಾಡು ಬರೆದು ಒಯ್ದೆ. ಚಂದ್ರ, ತಾವರೆ, ಕಣ್ಣೀರ ಹೊಳೆ ಎಲ್ಲ ಅದರಲ್ಲಿತ್ತು. ರೇಡಿಯೋಗೆ ಕಳಿಸುವ ಆಸೆಯೂ ಇತ್ತು. ಹಾಡಿ ಮುಗಿಸಿದೆ.

"ನಿಮ್ ತಂಗಿ ಬಾಳ ಅತ್ರಾ, ಮೇಷ್ಟ್ರೇ?" ಎಂದರು.

"ಎಲ್ಲಿ ಅತ್ಲು? ಮುದಿ ಹಸೂಗೆ ಹಲ್ಲಿಲ್ಲ, ಹುಲ್ಲು ನೆನೆಸಿ ಹಾಕು ಅಂತ ರೈಲಿನ ಕಿಟಕೀಲಿ ಕೂತು ಅದನ್ನೇ ಹೇಳ್ತಿದ್ಲು. ರೈಲು ಹೊರಟ ಮೇಲೂ ಕೂಗಿ ಹೇಳಿದ್ಲು."

ಅವರು ಆಗ ಟೇಪ್ ನಿಲ್ಲಿಸಿದರು. ಅದು ಓಡುತ್ತಲೇ ಇದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಹಿಂದಕ್ಕೆ ಸುತ್ತಿ ಹಾಡು, ಮಾತು ಎರಡನ್ನೂ ಕೇಳಿಸಿದರು.

"ಆ ಹಸು ಹಾಡ್ನಲ್ಲಿ ಎಲ್ಲೋಯ್ತು?"

ನಾನು ಮುಖ ಊದಿಸಿಕೊಂಡು ಎದ್ದು ಬಂದೆ. ಮುಂದಿನ ಭಾನುವಾರ ತಡೆಯಲಾರದೆ ಮತ್ತೆ ಹೋದೆ. ಅವರು ಸ್ಪೂಲು ಹಾಕಿದರು. ಹಾಡನ್ನು ಅಳಿಸಿಬಿಟ್ಟಿದ್ದರು. ಹಸುವಿನ ಮಾತು ಹಾಗೇ ಇತ್ತು.

"ಇನ್ನೊಂದ್ಸಲ ಕೇಳಾಣ" ಎಂದೆ ನಾನು.