ಅಗ್ಗದ ಪೆಟ್ರೋಲ್ ಹಾಕಿ ಹೈದರಾಬಾದಿಗೆ, ಹೆಸರಿನ ಪೆಟ್ರೋಲ್ ಹಾಕಿ ಹಿಂದಕ್ಕೆ

ಈ ಪ್ರಯಾಣಕ್ಕೆ ಖರ್ಚಾದದ್ದು ಎಂಟೂವರೆ ಸಾವಿರದ ಹತ್ತಿರ. ಅದರಲ್ಲಿ ಪರೀಕ್ಷೆಯ ಪೆಟ್ರೋಲಿಗೆ ಹೋದದ್ದು ಎರಡು ಸಾವಿರಕ್ಕೂ ಕಡಿಮೆ. ಲಾಡ್ಜು, ಟೋಲು, ಊಟ, ಚಹಾ ಎಲ್ಲ ಸೇರಿ ಇನ್ನೆರಡು ಸಾವಿರ. ಉಳಿದದ್ದನ್ನು ಜಹೀರಾಬಾದಿನ ಒಂದು ಗ್ಯಾರೇಜಿನಲ್ಲಿ ಎಣಿಸಿಕೊಟ್ಟು ಬಂದೆ. ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋಗಿಬಂದಿದ್ದರೆ ಸಾವಿರದೊಳಗೆ ಮುಗಿಯುತ್ತಿತ್ತು. ಆದರೆ ಈ ಸಲ ಹೋದದ್ದು ನನ್ನ ಮಾತಿನ ಮೇಲೆ ಬಂದ ಅಪವಾದವನ್ನು ಪರೀಕ್ಷಿಸಲಿಕ್ಕೆ. ಅದಕ್ಕೆ ಬಸ್ಸು ಸಾಲದು.

ನನ್ನ ತಂಗಿಯ ಮಗ ಶರಣು ಬಾಡಿಗೆ ಕಾರು ಓಡಿಸುತ್ತಾನೆ. ಅವನ ಕಾಯಂ ಗಿರಾಕಿ ಕಣ್ಣಿನ ಡಾಕ್ಟರೊಬ್ಬರು. ಮೂಲತಃ ನಮ್ಮ ಕಡೆಯವರು, ಎರಡು ತಲೆಮಾರಿನಿಂದ ಸಿಕಂದರಾಬಾದಿನಲ್ಲಿದ್ದಾರೆ. ಪ್ರತಿ ಭಾನುವಾರ ಹುಮನಾಬಾದಿಗೆ ಬಂದು ರೋಗಿಗಳನ್ನು ನೋಡಿ ಸಂಜೆ ಹಿಂತಿರುಗುತ್ತಾರೆ. ಶರಣು ಶನಿವಾರವೇ ಹೈದರಾಬಾದಿಗೆ ಹೋಗಿ ಮರುದಿನ ಬೆಳಿಗ್ಗೆ ಅವರನ್ನು ಕರೆತರುತ್ತಾನೆ, ಸಂಜೆ ಮತ್ತೆ ಬಿಟ್ಟುಬರುತ್ತಾನೆ. ಅವನ ವಾರದ ದುಡಿಮೆಯಲ್ಲಿ ಅರ್ಧ ಈ ಒಂದು ಬಾಡಿಗೆಯೇ. ಕಳೆದ ತಿಂಗಳು ಕಾರು ಎರಡು ಸಲ ದಾರಿಯಲ್ಲಿ ನಿಂತಿತು. ಎರಡು ಸಲವೂ ಡಾಕ್ಟರು ಒಳಗೇ ಇದ್ದರು. “ಸಸ್ತಾ ಪೆಟ್ರೋಲ್ ಹಾಕಸ್ತೀ, ಅದಕ್ಕ ಹಿಂಗ. ಇನ್ನೊಮ್ಮೆ ನಿಂತ್ರ ನಾ ಬ್ಯಾರೆ ಗಾಡಿ ನೋಡ್ತೀನಿ” ಎಂದು ಹೇಳಿಬಿಟ್ಟರು.

ಆ ಸಸ್ತಾ, ಅಂದರೆ ಅಗ್ಗದ ಪಂಪ್ ತೋರಿಸಿಕೊಟ್ಟವನು ನಾನು. ನಾನು ಸೈಕಲ್ಲಿನ ಮೇಲೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಊರೂರು ತಿರುಗಿ ಅಂಗಡಿ ಮಾಡಿದವನು. ನಾಲ್ಕು ಕಡೆ ಕೇಳದೆ ಒಂದು ಸೌಟನ್ನೂ ಕೊಂಡವನಲ್ಲ. ಗಡಿಗೆ ಈಚೆ, ಮನ್ನಾಎಖೇಳಿಯ ಕಡೆ ಹೊಸ ಕಂಪನಿಯೊಂದರ ಪಂಪಿದೆ. ದೊಡ್ಡ ಹೆಸರಿನ ಪಂಪುಗಳಿಗಿಂತ ಅಲ್ಲಿ ಲೀಟರಿಗೆ ರೂಪಾಯಿ, ಒಂದೂವರೆ ರೂಪಾಯಿ ಕಡಿಮೆ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ತೆರಿಗೆಯ ದೆಸೆಯಿಂದ ಎಲ್ಲ ಪಂಪಿನಲ್ಲೂ ಮತ್ತೆ ನಾಲ್ಕು ರೂಪಾಯಿ ಹೆಚ್ಚು.

ಹೀಗಾಗಿ ಪರೀಕ್ಷೆಯ ವಿಧಾನವನ್ನು ನಾನೇ ಗೊತ್ತುಮಾಡಿದೆ. ಹೋಗುವಾಗ ಅಗ್ಗದ್ದು, ಬರುವಾಗ ಹೈದರಾಬಾದಿನ ದೊಡ್ಡ ಹೆಸರಿನ ಪಂಪಿನದು. ಕಾರು ಅದೇ, ಡ್ರೈವರ್ ಅವನೇ. ಎರಡೂ ಬೆರೆಯಬಾರದು, ಒಂದು ಮುಗಿದ ಮೇಲೇ ಇನ್ನೊಂದು.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಮಳೆಗಾಲದ ಕೊನೆ. ತುಂತುರು ಬಂದು ನಿಂತು, ರಸ್ತೆಯ ಎರಡೂ ಬದಿ ತೊಗರಿ ಹೊಲ ಹಸಿರಾಗಿತ್ತು. ಪಂಪಿನಲ್ಲಿ ಹತ್ತು ಲೀಟರ್ ಹಾಕಿಸುವ ಮೊದಲು ಫಿಲ್ಟರ್ ಕಾಗದ ಕೇಳಿದೆ. ಹತ್ತಿ ಬಟ್ಟೆಯಂಥ ಬಿಳಿ ಕಾಗದ ಅದು. ಒಂದು ಹನಿ ಪೆಟ್ರೋಲ್ ಬಿಟ್ಟರೆ ಎರಡು ನಿಮಿಷದಲ್ಲಿ ಆರಬೇಕು, ಕಲೆ ಉಳಿಯಬಾರದು. ಗಿರಾಕಿ ಕೇಳಿದರೆ ಪಂಪಿನವರು ಕೊಡಲೇಬೇಕು.

ಮ್ಯಾನೇಜರು ಖುರ್ಚಿಯಿಂದ ಏಳಲಿಲ್ಲ. “ಯಾರೂ ಕೇಳಂಗಿಲ್ರಿ ಇದನ್ನ.”

“ನಾ ಕೇಳಾಕತ್ತೀನಲ್ರಿ.”

“ನೀವು ಇನ್ಸ್‌ಪೆಕ್ಟರ್ ಏನ್ರಿ?”

“ಪಾತ್ರೆ ಅಂಗಡಿಯಾಂವ. ತೂತು ಇಲ್ಲದ್ದು ಖಾತ್ರಿ ಮಾಡ್ಕೊಂಡೇ ಕೊಡಪಾನ ತಗೋತೀನಿ.”

ನಗುತ್ತ ಎದ್ದು ಡ್ರಾಯರ್ ಹುಡುಕಿ ಕೊಟ್ಟ. ಹನಿ ಆರಿತು. ಕಲೆ ಇರಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟೆ.

ಗಡಿ, ಜಹೀರಾಬಾದ್, ಸದಾಶಿವಪೇಟ, ಸಂಗಾರೆಡ್ಡಿ. ಕಾರು ಎಲ್ಲಿಯೂ ಕೆಮ್ಮಲಿಲ್ಲ. ಸಂಗಾರೆಡ್ಡಿಯ ಹತ್ತಿರ ಇಡ್ಲಿ, ವಡೆ, ನೀರಾದ ಶೇಂಗಾ ಚಟ್ನಿ. ಇಬ್ಬರಿಗೆ ನೂರಾ ನಲವತ್ತು. ಪಟಾನ್‌ಚೆರು ಬಂದ ಮೇಲೆ ಟ್ರಾಫಿಕ್ಕು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕೋಠಿಯ ಲಾಡ್ಜಿಗೆ ಸೇರಿದೆವು. ಹದಿನಾಲ್ಕು ನೂರು ಹೇಳಿದರು, ಹನ್ನೊಂದು ನೂರಕ್ಕೆ ಕೊಟ್ಟರು. ಬಿಸಿನೀರು ಇಲ್ಲ ಎಂಬುದನ್ನು ನಾನು ಮೊದಲೇ ಕೇಳಿ ತಿಳಿದದ್ದರಿಂದ ಅಷ್ಟು ಇಳಿಯಿತು.

ಬಂದದ್ದಕ್ಕೆ ಅಂಗಡಿಯ ಮಾಲೂ ಆಗಲಿ ಎಂದು ಬೇಗಂ ಬಜಾರಿಗೆ ನಡೆದೆ. ನಾನು ಇಪ್ಪತ್ತು ವರ್ಷದಿಂದ ವ್ಯವಹಾರ ಮಾಡುವ ಸೇಠ್ ಎರಡು ಡಬ್ಬಿ ಮುಂದಿಟ್ಟರು. ಒಂದಕ್ಕೆ ಕಂಪನಿಯ ಮುದ್ರೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ದರದಲ್ಲಿ ಕಾಲುಪಾಲು ವ್ಯತ್ಯಾಸ. “ಮಾಲ್ ಏಕೀಚ್ ಹೈ ಭಾಯಿ, ಠಪ್ಪಾ ಅಲಗ್” ಎಂದರು, ಮಾಲು ಒಂದೇ, ಮುದ್ರೆಯಷ್ಟೇ ಬೇರೆ ಎಂದು. ನಾನು ಎರಡನ್ನೂ ತಕ್ಕಡಿಗೆ ಹಾಕಿಸಿದೆ. ಮುದ್ರೆ ಇಲ್ಲದ್ದು ಹಗುರಾಗಿತ್ತು. ಸೇಠ್ ಛಾವಣಿಯ ಫ್ಯಾನ್ ನೋಡಿದರು. ಆಮೇಲೆ ಒಳಗಿನಿಂದ ಇನ್ನೊಂದು ಮುದ್ರೆಯಿಲ್ಲದ ಡಬ್ಬಿ ತರಿಸಿದರು. ಅದು ಸಮ ತೂಗಿತು. ಅದನ್ನೇ ಆರು ಡಜನ್ ಕೊಂಡು, ಊರಿಗೆ ಹೋಗುವ ಲಾರಿಗೆ ಹಾಕಿಸಿದೆ.

ಸಂಜೆ ಕಾರಿನ ಪೆಟ್ರೋಲ್ ದೀಪ ಹತ್ತಿತು. ಹಳೆಯ ಪೆಟ್ರೋಲ್ ಆದಷ್ಟು ಮುಗಿಯಲಿ ಎಂದು ಶರಣುವಿನಿಂದ ಸಿಕಂದರಾಬಾದಿನ ತನಕ ಒಂದು ಸುತ್ತು ಹೊಡೆಸಿ, ಭಾನುವಾರ ಬೆಳಿಗ್ಗೆ ದೊಡ್ಡ ಹೆಸರಿನ ಪಂಪಿಗೆ ಹೋದೆವು. ಇಲ್ಲಿಯೂ ಫಿಲ್ಟರ್ ಕಾಗದ ಕೇಳಿದೆ. ಇಲ್ಲಿಯೂ ಮುಖ ನೋಡಿದರು, ಇಲ್ಲಿಯೂ ಹನಿ ಕಲೆಯಿಲ್ಲದೆ ಆರಿತು. ಪೆಟ್ರೋಲ್ ಹಾಕುವಾತ ನನ್ನ ಜೇಬಿನ ಕಾಗದವನ್ನೂ ನೋಡಿ, ಡಿಪೋ ಒಂದೇ, ಟ್ಯಾಂಕರಿನ ಬಣ್ಣವಷ್ಟೇ ಬೇರೆ ಎಂದ. ನಾನು ಡಿಪೋಗೆ ಹೋಗಿ ನೋಡಿಲ್ಲ, ಹಾಗಾಗಿ ಅವನ ಮಾತನ್ನು ಅವನ ಮಾತೆಂದೇ ಬರೆಯುತ್ತಿದ್ದೇನೆ.

“ಎಷ್ಟು ಹಾಕಸ್ಲಿ ಮಾಮಾ?” ಎಂದ ಶರಣು.

“ಗಡಿ ಮುಟ್ಟೂವಷ್ಟು.”

ಎಂಟು ಲೀಟರ್ ಹಾಕಿಸಿದ.

ಸಿಕಂದರಾಬಾದಿನಲ್ಲಿ ಡಾಕ್ಟರು ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ವಿಷಯ ತಿಳಿಸಿದಾಗ, “ಅಂದ್ರ ಇವತ್ತ ನಾನೂ ನಿಮ್ಮ ಪರೀಕ್ಷಾದಾಗ ಇದ್ದೀನಿ ಅನ್ರಿ” ಎಂದರು. “ಇದ್ದೀರಿ. ಆದ್ರ ಇವತ್ತ ನೀವು ಹೇಳಿದ್ದ ಪೆಟ್ರೋಲೇ ಐತ್ರಿ” ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಸಂಗಾರೆಡ್ಡಿಯ ತನಕ ಕಣ್ಣು ಮುಚ್ಚಿ ಕೂತಿದ್ದರು.

ಜಹೀರಾಬಾದಿಗೆ ಬರುವಾಗ ದೀಪ ಮತ್ತೆ ಹತ್ತಿತು. ಊರು ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿರಬೇಕು, ಕಾರು ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ಒಂದು ಬೇವಿನ ಮರದ ಬಳಿ ನಿಂತುಬಿಟ್ಟಿತು.

ಶರಣು ಕೀಲಿ ತಿರುಗಿಸಿದ. ಹಿಂದಿನ ಸೀಟಿನ ಕೆಳಗಿನಿಂದ ಸಣ್ಣ ಗುಂಯ್ ಸದ್ದು ಬಂತು, ಅಷ್ಟೇ.

“ಇದು ಹೆಸರಿದ್ದ ಪೆಟ್ರೋಲ್ ಅಲ್ಲೇನ್ರಿ?” ಎಂದರು ಡಾಕ್ಟರು.

“ಹೌದ್ರಿ.”

“ಮತ್ತ?”

ಡಾಕ್ಟರ ಫೋನು ಹೊಡೆದುಕೊಳ್ಳುತ್ತಿತ್ತು. ರೋಗಿಗಳು ಬಂದು ಕೂತಿದ್ದರು. ಹಿಂದಿನಿಂದ ಬಂದ ಬಸ್ಸಿಗೆ ಕೈಮಾಡಿ, ಚೀಲ ಎತ್ತಿಕೊಂಡು ಹತ್ತಿದರು. “ಸಂಜೀಕ ಮಾತಾಡೋಣ” ಎಂದರು. ಶರಣು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

“ಹೋತು ಮಾಮಾ. ಬಾಡಿಗಿ ಹೋತು.”

“ಸುಮ್ಮಕಿರು. ಹಿಂದ ಎರಡು ಸಲ ಎಲ್ಲಿ ನಿಂತಿತ್ತು?”

“ಇಲ್ಲೇ ಆಸುಪಾಸು. ಜಹೀರಾಬಾದಿಂದ ಹಿಂದ ಒಮ್ಮೆ, ಮುಂದ ಒಮ್ಮೆ.”

“ಹೋಗೂವಾಗ ನಿಂತೈತೇನು?”

“ಒಮ್ಮೆನೂ ಇಲ್ಲ.”

“ಹೋಗೂವಾಗ ಟ್ಯಾಂಕಿನಾಗ ಎಷ್ಟಿರ್ತೈತಿ?”

“ಫುಲ್. ಇಲ್ಲಾಂದ್ರ ಅದರ ಸಮೀಪ.”

“ಬರೂವಾಗ?”

ಅವನು ನನ್ನ ಮುಖ ನೋಡಿದ. “ಬರೂವಾಗ ಯಾರು ತುಂಬಸ್ತಾರ? ಗಡಿ ದಾಟಿದ್ರ ಸಸ್ತಾ ಸಿಗ್ತೈತಿ. ನೀವೇ ಕಲಿಸಿದ್ದು.”

ನಾನೇ ಕಲಿಸಿದ್ದು ಹೌದು. ಗಡಿಯ ಈಚೆ ಇರುವ ನಮ್ಮ ಕಡೆಯ ಎಲ್ಲ ಗಾಡಿಯವರೂ ಮಾಡುವುದು ಇದನ್ನೇ. ಹೋಗುವಾಗ ತುಂಬಿಸು, ಬರುವಾಗ ಒಣಗಿಸು. ದೀಪ ಹತ್ತಿಸಿಕೊಂಡು ಗಡಿ ದಾಟಿದವನೇ ಜಾಣ. ಎರಡು ಬಗೆಯ ಪೆಟ್ರೋಲ್ ಬೆರೆಯಬಾರದೆಂದು ನಾನು ಮಾಡಿದ ಪರೀಕ್ಷೆಯೂ ಕಾರನ್ನು ಎರಡು ಸಲ ಒಣಗಿಸಿತ್ತು.

ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಕಾರು ಹೊರಟಿತು. ಮುಂದೆ ಹೋಗುವ ಧೈರ್ಯ ಮಾಡದೆ ನಿಧಾನವಾಗಿ ಜಹೀರಾಬಾದಿಗೆ ತಿರುಗಿಸಿ, ಗ್ಯಾರೇಜಿನಲ್ಲಿ ಹಿಂದಿನ ಸೀಟು ಬಿಚ್ಚಿಸಿ ಪೆಟ್ರೋಲ್ ಎಳೆಯುವ ಮೋಟರನ್ನು ಹೊರಗೆ ತೆಗೆಸಿದೆ. ಅದು ಟ್ಯಾಂಕಿನ ಒಳಗೇ ಇರುತ್ತದೆ, ಪೆಟ್ರೋಲಿನಲ್ಲಿ ಮುಳುಗಿದ್ದರೆ ತಂಪಾಗಿರುತ್ತದೆ. ಪೆಟ್ರೋಲ್ ತಳಕ್ಕಿಳಿದರೆ ಕಾಯುತ್ತದೆ. ಇದರ ಬಾಯಿಯ ಜರಡಿಗೆ ತಳದ ಕಸ ಮೆತ್ತಿಕೊಂಡಿತ್ತು, ಮೋಟರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಹೊಸ ಮೋಟರು, ಟ್ಯಾಂಕ್ ತೊಳೆಸಿದ್ದು, ಕೂಲಿ ಸೇರಿ ಮೆಕ್ಯಾನಿಕ್ ಐದು ಸಾವಿರ ಹೇಳಿದ. ನಾಲ್ಕೂವರೆ ಸಾವಿರಕ್ಕೆ ಬಂತು. ಇನ್ನೂ ಇಳಿಯುತ್ತಿತ್ತು, ಆದರೆ ಗಿರಾಕಿಯ ಅವಸರ ಕಂಡ ಮೇಲೆ ದರ ಎಲ್ಲೂ ಇಳಿಯುವುದಿಲ್ಲ.

ಗಡಿ ದಾಟಿ ಅದೇ ಸಸ್ತಾ ಪಂಪಿನಲ್ಲಿ ಟ್ಯಾಂಕ್ ತುಂಬಿಸಿದೆವು. ಅದರ ದುಡ್ಡು ಶರಣು ಕೊಟ್ಟ. ಹುಮನಾಬಾದ್ ಸೇರಿದಾಗ ಡಾಕ್ಟರು ಕೊನೆಯ ರೋಗಿಯನ್ನು ನೋಡುತ್ತಿದ್ದರು. ಹಳೆಯ ಮೋಟರನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ. ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಟಾರ್ಚು ಹಾಕಿ ಜರಡಿಯನ್ನು ಕಣ್ಣು ನೋಡುವಂತೆಯೇ ನೋಡಿದರು.

“ಅಂದ್ರ ನಾ ಪೆಟ್ರೋಲಿಗೆ ಬೈದದ್ದು ತಪ್ಪು.”

“ನಾ ದೀಪ ಹತ್ತಿಸ್ಕೊಂಡು ಓಡಸು ಅಂದದ್ದೂ ತಪ್ಪುರಿ.”

ಶರಣು ಬಾಗಿಲಲ್ಲೇ ನಿಂತಿದ್ದ. ಡಾಕ್ಟರು ಅವನ ಕಡೆ ತಿರುಗಿದರು. “ಮುಂಜಾನಿ ಬಾಡಿಗಿ ಕೊಡಂಗಿಲ್ಲ. ಬಸ್ಸಿನಾಗ ನಿಂತು ಬಂದೀನಿ. ಇನ್ನ ಮ್ಯಾಲ ಯಾವ ಪಂಪಿಂದು ಅಂತ ಕೇಳಂಗಿಲ್ಲ. ನಾ ಹತ್ತೂಕಿಂತ ಮೊದಲ ಪೆಟ್ರೋಲ್ ಮುಳ್ಳು ನೋಡ್ತೀನಿ. ಅರ್ಧಕ್ಕ ಕೆಳಗಿದ್ರ ಹತ್ತಂಗಿಲ್ಲ.”

“ಈಗ ಫುಲ್ ಐತ್ರಿ” ಎಂದ ಶರಣು.

“ಹಂಗಾದ್ರ ನಡಿ” ಎಂದು ಚೀಲವನ್ನು ಅವನ ಕೈಗೆ ಕೊಟ್ಟರು.

ಓದುವವರಿಗೆ ನನ್ನ ಸಲಹೆ ಇಷ್ಟು. ಅಗ್ಗದ ಪಂಪ್ ಎಂದು ಹೆದರಬೇಡಿ, ದೊಡ್ಡ ಹೆಸರು ಎಂದು ನಂಬಲೂ ಬೇಡಿ. ಫಿಲ್ಟರ್ ಕಾಗದ ಕೇಳಿ. ಕೊಡಲು ಎರಡು ಸಲ ಹಿಂದೆಮುಂದೆ ನೋಡಿದರೆ ಮುಂದಿನ ಪಂಪಿಗೆ ಹೋಗಿ. ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಅಳತೆಪಾತ್ರೆಯಲ್ಲಿ ಹಾಕಿಸಿ ನೋಡುವ ಹಕ್ಕು ನಿಮಗಿದೆ. ಲಾರಿ, ಆಟೋಗಳ ಸಾಲು ಇರುವ ಪಂಪನ್ನು ಆರಿಸಿ. ಮಾಲು ಬೇಗ ಖಾಲಿಯಾಗುವಲ್ಲಿ ಹಳೆಯದು ಉಳಿಯುವುದಿಲ್ಲ. ಜೋರು ಮಳೆ ಬಂದ ಮರುದಿನ ತಗ್ಗಿನಲ್ಲಿರುವ ಪಂಪನ್ನು ಬಿಟ್ಟುಬಿಡಿ, ನೆಲದೊಳಗಿನ ಟ್ಯಾಂಕಿಗೆ ನೀರು ಇಳಿದಿದ್ದರೆ ಯಾವ ಹೆಸರೂ ಕಾಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಹೈದರಾಬಾದಿನಿಂದ ಹೊರಡುವಾಗ ಅರ್ಧ ಟ್ಯಾಂಕಾದರೂ ತುಂಬಿಸಿಕೊಳ್ಳಿ. ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡುವಾಗ ಹೊಟ್ಟೆ ಉರಿದರೆ ಮುಖ ಆಚೆ ತಿರುಗಿಸಿ. ಆದರೆ ಮೀಟರು ಸೊನ್ನೆಯಿಂದ ಶುರುವಾದದ್ದನ್ನು ನೋಡಿಕೊಂಡೇ ತಿರುಗಿಸಿ.